ಎರಡನೆಯ ನೀರು

ಜಯರಾಜಣ್ಣ ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಇಲ್ಲಿ ಗಲ್ಫಿನಲ್ಲಿ, ಅರಾದ್‌ನ ಫ್ಲ್ಯಾಟಿನಲ್ಲಿ ಅವರ ಮಂಚ ಇನ್ನೂ ಹಾಗೇ ಇದೆ. ಇಲ್ಲಿನ ಕನ್ನಡ ಸಂಘದವರು ತಮ್ಮ ಸಂಚಿಕೆಗೆ ಅವರ ಬಗ್ಗೆ ಬರೆದುಕೊಡಿ ಎಂದರು. ನನಗೆ ಬರುವುದು ಅಡುಗೆಮನೆಯ ನೆನಪು ಮಾತ್ರ.

ಅವರು ಕಿನ್ನಿಗೋಳಿ ಕಡೆಯವರು. ಹೆಂಡತಿ ಪಂಕಜಾಕ್ಷಿ ಊರಲ್ಲಿ. ಇವರು ಇಲ್ಲೇ ಪಕ್ಕದ ಹಿದ್‌ನಲ್ಲಿ ಒಂದು ಶಿಪ್ಪಿಂಗ್ ಕಚೇರಿಯಲ್ಲಿ ಕಂಟೇನರುಗಳ ಕಾಗದಪತ್ರ ನೋಡುತ್ತಿದ್ದರು. ನಾನು ದಾವಣಗೆರೆಯವನು. ಒಂಬತ್ತು ವರ್ಷ ಒಟ್ಟಿಗಿದ್ದೆವು. ನಮ್ಮ ಕಡೆ ಸುವರ್ಣಗೆಡ್ಡೆ ಎಂದರೆ ಮೂಲವ್ಯಾಧಿಯವರ ಮದ್ದು. ಮೊದಲ ಸಲ ಅವರು ಮನಾಮದ ಮಾರುಕಟ್ಟೆಯಿಂದ ಆನೆಪಾದದಂಥ ಆ ಗೆಡ್ಡೆಯನ್ನು ಹೊತ್ತು ತಂದಾಗ, "ಯಾರಿಗೆ ಕಾಯಿಲೆ?" ಎಂದು ಕೇಳಿದ್ದೆ.

"ನಿನ್ನ ನಾಲಿಗೆಗೆ," ಎಂದರು.

ತುರಿಸದಂತೆ ಅಂಗೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಹೆಚ್ಚುವರು. ತೆಳ್ಳಗೆ ಸೀಳಿ, ಖಾರ, ಹುಳಿ, ಅಕ್ಕಿಹಿಟ್ಟು ಸವರಿ ಕಾವಲಿಯಲ್ಲಿ ಹುರಿದರೆ ಪೋಡಿ. ಹುಳಿಮಜ್ಜಿಗೆ, ತೆಂಗಿನಕಾಯಿ ಹಾಕಿದರೆ ಮೇಲಾರ. ಶುಕ್ರವಾರ ಮಾತ್ರ ಕೊದ್ದೆಲ್: ಹುಣಸೆಹುಳಿಯಲ್ಲಿ ಬೇಯಿಸಿ, ಅದೇ ನೀರಿಗೆ ಬೇಳೆ, ಅರೆದ ಮಸಾಲೆ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಗೆಡ್ಡೆ ಬೆಂದ ನೀರಿನಲ್ಲೇ ಕೊದ್ದೆಲಿನ ಜೀವ ಇರುವುದು ಎನ್ನುತ್ತಿದ್ದರು. ತುರಿಕೆ ಹೋಗಿದೆಯೋ ಎಂದು ಮೊದಲ ತುಂಡು ತಾವೇ ತಿಂದು, ಒಂದು ನಿಮಿಷ ಕಾದು, ಆಮೇಲೆ ನನ್ನ ತಟ್ಟೆಗೆ.

೨೦೧೧ರಲ್ಲಿ ಅವರ ಕಿಡ್ನಿ ಕೆಟ್ಟಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಏನು ತಿನ್ನಬಹುದು ಎಂದು ಹೇಳಲು ಆಸ್ಪತ್ರೆಯಲ್ಲಿ ಶ್ರೀಜಾ ಎಂಬ ಮಲಯಾಳಿ ಹುಡುಗಿ ಇದ್ದಳು. ಗೆಡ್ಡೆಯಲ್ಲಿ ಪೊಟ್ಯಾಸಿಯಂ ಜಾಸ್ತಿ, ಅದು ಮೈಯಲ್ಲಿ ಉಳಿದರೆ ಹೃದಯ ನಿಲ್ಲಬಹುದು ಎಂದಳು. ಜಯರಾಜಣ್ಣ ಅವಳಿಗೆ ಅರ್ಧ ಗಂಟೆ ದುಂಬಾಲು ಬಿದ್ದರು.

ಕೊನೆಗೆ ಅವಳು ನನ್ನ ಕಡೆ ತಿರುಗಿದಳು. "ಅಡುಗೆ ನೀವು ಮಾಡಿ. ಸಣ್ಣಗೆ ಹೆಚ್ಚಿ ನೆನೆಸಿ. ತುಂಬ ನೀರಲ್ಲಿ ಬೇಯಿಸಿ, ಪೊಟ್ಯಾಸಿಯಂ ಇಳಿದ ಆ ನೀರು ಚೆಲ್ಲಿ. ಮತ್ತೆ ಬೇಯಿಸಿ, ಮತ್ತೆ ಚೆಲ್ಲಿ. ವಾರಕ್ಕೊಮ್ಮೆ ನಾಲ್ಕು ತುಂಡು. ಇವರ ಕೈಗೆ ಪಾತ್ರೆ ಕೊಡಬೇಡಿ."

ಹೀಗೆ ಒಂದೂವರೆ ವರ್ಷ ನಾನು ಎರಡು ನೀರು ಚೆಲ್ಲಿದೆ. ಅವರು ಸ್ಟೂಲಿನ ಮೇಲೆ ಕೂತು ನೋಡುವರು.

"ಎಂತ ಮಾರಾಯ, ಹೆಣ ತೊಳೆದ ಹಾಗೆ ತೊಳಿತಿ."

"ಶ್ರೀಜಾಗೆ ಹೇಳಿ."

"ಅವಳಿಗೆಂತ ಗೊತ್ತುಂಟು? ಅವಳು ಪುಸ್ತಕ ಬೇಯಿಸಿ ತಿನ್ನುವವಳು."

ಆ ಕೊನೆಯ ಶುಕ್ರವಾರ ಮೊದಲ ನೀರು ಚೆಲ್ಲಿದೆ. ಎರಡನೆಯದನ್ನು ಸಿಂಕಿನ ತನಕ ಒಯ್ದಿದ್ದೆ. ಅವರು ತಮಾಷೆ ಮಾಡಲಿಲ್ಲ. "ಯಶವಂತ, ಅದೊಂದು ಇರಲಿ ಮಾರಾಯ. ಒಂದು ಸಲ," ಎಂದರು. ನಾನು ಪಾತ್ರೆಯನ್ನು ವಾಪಸ್ ಒಲೆಯ ಮೇಲಿಟ್ಟೆ. ಹುಣಸೆಹುಳಿ ಹಾಕಿದೆ. ಅವರು ಎರಡು ಸಲ ಬಡಿಸಿಕೊಂಡರು. ನಾನು ತುಂಡು ಎಣಿಸಲಿಲ್ಲ.

ಶನಿವಾರ ಸಂಜೆ ಟೀವಿಯ ಮುಂದೆ ಕೂತಲ್ಲೇ ಹೋದರು. ಡಾಕ್ಟರು, ಈ ಕಾಯಿಲೆಯಲ್ಲಿ ಹೃದಯ ಹೀಗೆ ನಿಲ್ಲುವುದುಂಟು, ಒಂದು ಊಟದಿಂದಲೇ ಎಂದು ಹೇಳಲಾಗದು ಎಂದರು. ಅಲ್ಲವೆಂದೂ ಹೇಳಲಿಲ್ಲ. ಇಲ್ಲಿನ ಗುರುತಿನ ಸಿಪಿಆರ್ ಕಾರ್ಡು, ಪಾಸ್‌ಪೋರ್ಟು, ಕಚೇರಿಯ ಪತ್ರ, ರಾಯಭಾರ ಕಚೇರಿಯ ಮೊಹರು. ನಾಲ್ಕನೆಯ ದಿನ ಪೆಟ್ಟಿಗೆ ಮಂಗಳೂರಿಗೆ ಹೋಯಿತು. ನನಗೆ ರಜೆ ಸಿಗಲಿಲ್ಲ. ಸಿಕ್ಕಿದ್ದರೆ ಹೋಗುತ್ತಿದ್ದೆನೋ ಗೊತ್ತಿಲ್ಲ. ಪಂಕಜಾಕ್ಷಿಯಕ್ಕನಿಗೆ ಹೇಳಬೇಕೋ ಬೇಡವೋ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಹದಿಮೂರನೆಯ ದಿನ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ಅವರೇ ಫೋನು ಮಾಡಿದರು.

"ಯಶವಂತಣ್ಣ, ಕಡೆಗೆ ಅವರು ಎಂತ ಉಂಡದ್ದು?"

"ಕೊದ್ದೆಲ್, ಅಕ್ಕ."

"ಒಳ್ಳೆದಾಯ್ತು. ಅವರಿಗೆ ಅದು ಸಾಕು."

ಅಲ್ಲಿಗೆ ಬಿಡಬಹುದಿತ್ತು. "ಎರಡನೆಯ ನೀರು ನಾನು ಚೆಲ್ಲಲಿಲ್ಲ," ಎಂದೆ. ಆ ನೀರಿನ ವಿಷಯ ಅವರಿಗೂ ಗೊತ್ತಿತ್ತು. ಜಯರಾಜಣ್ಣ ಪ್ರತಿ ವಾರ ಫೋನಿನಲ್ಲಿ ದೂರುತ್ತಿದ್ದರು.

ಫೋನಿನಲ್ಲಿ ಅವರ ಹಿಂದೆ ಪಾತ್ರೆ ತೊಳೆಯುವ ಸದ್ದು.

"ಅವರೇ ಚೆಲ್ಲಬೇಡ ಅಂದದ್ದಾ?"

"ಹೌದು. ಆದರೆ ಪಾತ್ರೆ ನನ್ನ ಕೈಯಲ್ಲಿತ್ತು."

"ಜನ ಇದ್ದಾರೆ, ಆಮೇಲೆ ಮಾಡ್ತೇನೆ," ಎಂದು ಇಟ್ಟರು.

ಅದಾಗಿ ಹದಿಮೂರು ದಿನ. ಅವರು ಮಾಡಿಲ್ಲ. ನಾನೂ ಮಾಡಿಲ್ಲ.