ಮಂಡಿಯ ಮುಂದಿನ ಪುಟ್ಟ ಚೀಲ

ಟೈಲ್ಸ್ ಕೂರಿಸುವವನ ಅರ್ಧ ಬದುಕು ನಡೆಯುವುದು ಮಂಡಿಯ ಮೇಲೆ. ನೆಲದ ಮಟ್ಟ ನೋಡುವ ಸಲಕರಣೆಯ ಹೆಸರಿಟ್ಟು ಜೊತೆಯವರು ‘ರಸಮಟ್ಟ’ ಎಂದು ಕರೆಯುತ್ತಿದ್ದ ಇವನು ಹಾಗೆ ಎಡಮಂಡಿ ಊರಿಯೇ ಕಂಡವರ ಮನೆಗಳ ನೆಲವನ್ನು ಕನ್ನಡಿ ಮಾಡಿದ್ದ. ಮಂಡಿಚಿಪ್ಪಿನ ಮೇಲೆ ನಿಂಬೆಹಣ್ಣಿನಷ್ಟು ಊತ ಎದ್ದಾಗ, ಕಸುಬಿನವರು ಮಾಡುವುದನ್ನೇ ಮಾಡಿದ: ಗೋಣಿ ಹೊಲಿಯುವ ದಬ್ಬಣ ಕಾಯಿಸಿ, ಚುಚ್ಚಿ, ನೀರು ಬಸಿದ. ಊತವೇನೋ ಇಳಿಯಿತು. ವಾರದೊಳಗೆ ಮಂಡಿ ಕೆಂಡವಾಗಿ ಜ್ವರ ಏರಿತು.

“ಅದೇನ್ರೀ, ಗೋಣಿಚೀಲನಾ ದಬ್ಬಣ ಹಾಕೋಕೆ?” ಎಂದು ಬಯ್ಯುತ್ತಲೇ ಹೆಂಡತಿ ಆಸ್ಪತ್ರೆಗೆ ಎಳೆದೊಯ್ದಳು.

“ಚೀಲಾನೇ ಕಣಮ್ಮ,” ಎಂದರು ಡಾಕ್ಟರಮ್ಮ.

ಅವನಿಗಿದ್ದದ್ದು ಒಂದೇ ಭಯ. “ಕೀವು ಕೀಲಿಗೆ ಇಳಿದಿದ್ಯಾ ಮೇಡಂ? ಇನ್ಮೇಲೆ ಮಂಡಿ ಊರೋಕಾಗಲ್ವಾ?”

ಅವರು ಕಾಲನ್ನು ಮೆಲ್ಲಗೆ ಆಡಿಸಿ ನೋಡಿ, ಸಿರಿಂಜಿನಲ್ಲಿ ಕೀವು ಎಳೆಯುತ್ತ ವಿವರಿಸಿದರು. ಚರ್ಮಕ್ಕೂ ಚಿಪ್ಪಿಗೂ ನಡುವೆ ಕಾಗದದಷ್ಟು ತೆಳ್ಳನೆಯ ಚೀಲ, ಒಳಗೆ ಕೆಲವೇ ಹನಿ ಜಾರುನೀರು. ಚರ್ಮ ಮೂಳೆಗೆ ಉಜ್ಜದೆ ಸರಿದಾಡುವುದು ಅದರಿಂದಲೇ. ಮಂಡಿಯ ಸುತ್ತ ಇಂಥವು ಹತ್ತಕ್ಕೂ ಹೆಚ್ಚು.

“ಕೀಲು ಹಿಂದಿನ ಬೇರೆ ಕೋಣೆ. ಇದಕ್ಕೂ ಅದಕ್ಕೂ ಬಾಗಿಲಿಲ್ಲ. ಕೀವು ಇಲ್ಲೇ ನಿಂತಿದೆ, ಉಳ್ಕೊಂಡ್ರಿ. ಚೀಲ ಇಲ್ಲದ ಕಡೆ ಸದಾ ಉಜ್ಜುತ್ತಿದ್ರೆ, ಮೈ ಎಷ್ಟೋ ಸಲ ತಾನೇ ಹೊಸದು ಕಟ್ಕೊಳ್ಳುತ್ತೆ.”

ಅವನು ಬಗ್ಗಿ ಎಡಮಂಡಿಯನ್ನೇ ನೋಡಿದ. ಯಾರೂ ಹೇಳದೆ, ಯಾರಿಗೂ ಕಾಣದೆ, ಕೆಲವು ಹನಿ ನೀರು ತನ್ನ ಇಡೀ ಭಾರವನ್ನು ಇಷ್ಟು ವರ್ಷ ಹೊತ್ತಿತ್ತು. ಅದಕ್ಕೆ ತಾನು ಕೊಟ್ಟದ್ದು ದಬ್ಬಣ. ಇನ್ನೂ ಗಾಯವಾಗದ ಬಲಮಂಡಿಯ ಮೇಲೆ ಅಂಗೈಯಿಟ್ಟು, ಮಲಗಿದ ಕೂಸನ್ನು ಮುಟ್ಟುವಷ್ಟು ಮೆತ್ತಗೆ ಸವರಿದ.

“ಇನ್ಮೇಲೆ ದಪ್ಪ ಮೆತ್ತೆ ಇಲ್ಲದೆ ಮಂಡಿ ಊರಬೇಡಿ,” ಎಂದರು ಡಾಕ್ಟರಮ್ಮ.

ವಾಸಿಯಾಗಿ, ಟೈಲ್ಸ್ ಕೂರಿಸುವ ಜೊತೆಯ ಮೂವರೊಂದಿಗೆ ಕೆಲಸಕ್ಕೆ ಮರಳಿದ. ಟೈಲ್ಸಿನ ಮೂಲೆ ಮುಕ್ಕಾಗದಿರಲೆಂದು ಪೆಟ್ಟಿಗೆಯ ತುಂಬ ಥರ್ಮಾಕೋಲ್ ತುರುಕುವ ಲೋಕ ಇದು; ಅವನ್ನು ಕೂರಿಸುವ ಮಂಡಿಗೆ ಒಂದು ಚಿಂದಿಯನ್ನೂ ಕೊಟ್ಟಿರಲಿಲ್ಲ.

“ಮೆತ್ತೆ ಬೇಕಂತೆ? ಮಂಚಾನೂ ತರಿಸ್ಲೇನಪ್ಪ?” ಎಂದ ಕಂಟ್ರಾಕ್ಟರ್.

“ಮಂಚ ನೀವೇ ಇಟ್ಕೊಳ್ಳಿ ಅಣ್ಣ. ಮೆತ್ತೆ ನಾಲ್ಕು ಜನಕ್ಕೂ ಬೇಕು. ಬರೋತನಕ ನಿಂತಿರ್ತೀನಿ.”

ಉಳಿದ ಮೂವರೂ ಎದ್ದು ನಿಂತರು. ಕಲಸಿಟ್ಟ ಸಿಮೆಂಟ್ ಬಾಂಡ್ಲಿಯಲ್ಲಿ ಬಿಗಿಯತೊಡಗಿತ್ತು. ಕಂಟ್ರಾಕ್ಟರ್ ಅದನ್ನೊಮ್ಮೆ, ಇವರನ್ನೊಮ್ಮೆ ನೋಡಿ, ಗೊಣಗುತ್ತ ಬೈಕಿನ ಕೀಲಿ ಹುಡುಕಿದ.