ಅಮಲ್ದಾರರ ಮನೆಯವರು ಬಿಟ್ಟುಹೋದ ನಾಯಿ

ಶ್ರೀನಿವಾಸಪುರಕ್ಕೆ ಸಂಸಾರ ಹೂಡಲು ಬಂದಾಗ ನನಗೆ ಹತ್ತೊಂಬತ್ತು ವರ್ಷ. ನಮ್ಮ ಯಜಮಾನರು ಅಲ್ಲಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಆಸ್ಪತ್ರೆಯ ಹಿಂಭಾಗದಲ್ಲೇ ನಮಗೆ ಎರಡು ಕೋಣೆಯ ಮನೆ. ಡಾಕ್ಟರು ಇದ್ದದ್ದು ಕೋಲಾರದಲ್ಲಿ. ವಾರಕ್ಕೊಮ್ಮೆ ಚಿಕ್ಕ ರೈಲಿನಲ್ಲಿ ಬಂದು ಸಂಜೆಯ ರೈಲಿಗೆ ಹಿಂತಿರುಗುತ್ತಿದ್ದರು. ಉಳಿದ ದಿನಗಳಲ್ಲಿ ಔಷಧಿ ಕಲಸುವುದರಿಂದ ಹಿಡಿದು ಎತ್ತಿನ ಹೆಗಲ ಹುಣ್ಣು ತೊಳೆಯುವವರೆಗೆ ಎಲ್ಲವೂ ನಮ್ಮವರ ಪಾಲಿಗೆ.

ಅವು ಯುದ್ಧ ನಡೆಯುತ್ತಿದ್ದ ವರ್ಷಗಳು. ಯಾವುದಾದರೂ ಹಳ್ಳಿಯಲ್ಲಿ ದನಗಳಿಗೆ ದೊಡ್ಡರೋಗ ಬಂದಿದೆಯೆಂದು ಸುದ್ದಿ ಬಂದರೆ ಸಾಕು, ಇವರು ಸೂಜಿಮದ್ದಿನ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಎಂಟು ದಿನವೋ ಹತ್ತು ದಿನವೋ, ಹೇಳಲಾಗುತ್ತಿರಲಿಲ್ಲ. ಅಷ್ಟೂ ದಿನ ನಾನೊಬ್ಬಳೇ.

ನಾನು ಮಂಡ್ಯದ ಕಡೆಯವಳು. ಶ್ರೀನಿವಾಸಪುರದ ಬೀದಿಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಎದುರು ಮನೆಯ ಹೆಂಗಸರು ಕನ್ನಡದಲ್ಲಿ ಮಾತು ಶುರುಮಾಡಿ ಎರಡನೆಯ ಮಾತಿಗೇ ತೆಲುಗಿಗೆ ಹೊರಳಿಬಿಡುತ್ತಿದ್ದರು. ನಾನು ನಗುಮುಖ ಮಾಡಿಕೊಂಡು ನಿಂತಿರುತ್ತಿದ್ದೆ. ನಮ್ಮ ಮನೆಗೆ ಅವರು ಬಂದದ್ದು ಒಂದೇ ಸಲ. ಸೆರಗನ್ನು ಮೂಗಿಗೆ ಹಿಡಿದು, ಫಿನಾಯಿಲ್ ವಾಸನೆಗೆ ತಲೆ ತಿರುಗುತ್ತದೆಂದು ಹೇಳಿ ಎದ್ದುಹೋದರು. ಅವರ ತಪ್ಪೇನಿಲ್ಲ, ನಮ್ಮ ಬಟ್ಟೆಗೆಲ್ಲ ಆ ವಾಸನೆ ಹತ್ತಿತ್ತು. ಆಮೇಲೆ ನಾನೂ ಕರೆಯಲಿಲ್ಲ. ಒಂದು ದಿನ ತರಕಾರಿಯವಳು ಏನೋ ಕೇಳಿದಾಗ ಉತ್ತರ ಕೊಡಲು ಹೋದರೆ ಗಂಟಲು ಕಟ್ಟಿಕೊಂಡಿತ್ತು. ಹಿಂದಿನ ದಿನವೆಲ್ಲ ನಾನು ಒಂದು ಮಾತೂ ಆಡಿರಲಿಲ್ಲವೆಂದು ಆಗ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಇನ್ನೊಬ್ಬರಿದ್ದರು, ಅಲ್ಲಿನ ಜವಾನರು. ಅರವತ್ತು ದಾಟಿದ ಮುಸಲ್ಮಾನರು. ಹಿಂದೆ ಯಾರೋ ದೊರೆಯ ಕುದುರೆಲಾಯದಲ್ಲಿದ್ದವರಂತೆ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಕಾಗದದ ಮೇಲೆ ಅವರ ಕೆಲಸ ಕಸ ಗುಡಿಸುವುದು, ನೀರು ತುಂಬುವುದು. ಆದರೆ ಒದೆಯುವ ಎತ್ತನ್ನು ನಿಲ್ಲಿಸುತ್ತಿದ್ದವರು ಅವರು. ದನದ ದವಡೆ ಎತ್ತಿ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುತ್ತಿದ್ದವರೂ ಅವರೇ. ಡಾಕ್ಟರು ಸಹ ಅವರ ಮುಖ ನೋಡದೆ ಸೂಜಿ ಚುಚ್ಚುತ್ತಿರಲಿಲ್ಲ. ನಾನು ಅವರನ್ನು ತಾತ ಎನ್ನುತ್ತಿದ್ದೆ. ಆದರೂ ಮೊದಲ ವರ್ಷ ನಮ್ಮ ನಡುವೆ ಹೆಚ್ಚು ಮಾತಿರಲಿಲ್ಲ. ಅವರು ಆಸ್ಪತ್ರೆಯ ಮುಂದಿನ ಜಗಲಿಯಲ್ಲಿ, ನಾನು ಹಿಂದಿನ ಅಡುಗೆಮನೆಯಲ್ಲಿ.

ಒಂದು ಬೆಳಿಗ್ಗೆ ತಾಲ್ಲೂಕಿನ ಅಮಲ್ದಾರರ ಹೆಂಡತಿ ಜಟಕಾದಲ್ಲಿ ಬಂದಿಳಿದರು. ಅಮಲ್ದಾರರಿಗೆ ಮಾಲೂರಿಗೆ ವರ್ಗವಾಗಿತ್ತು. ಆಕೆಯ ತೋಳಿನಲ್ಲಿ ಹಳೆಯ ಶಾಲಿನಲ್ಲಿ ಸುತ್ತಿದ ಸಣ್ಣ ನಾಯಿ. ಬೆನ್ನಿನ ಕೂದಲೆಲ್ಲ ಉದುರಿ ಚರ್ಮ ಬಿರಿದಿತ್ತು; ಕಿವಿಯ ಅಂಚಿನಲ್ಲಿ ಕಜ್ಜಿ ಗಟ್ಟಿಯಾಗಿತ್ತು. ನಮ್ಮವರು ಆಗಲೇ ಸೈಕಲ್ಲಿಗೆ ಪೆಟ್ಟಿಗೆ ಕಟ್ಟುತ್ತಿದ್ದರು.

"ಈ ಸ್ಥಿತಿಯಲ್ಲಿ ಮಕ್ಕಳ ಜೊತೆ ಕರ್ಕೊಂಡು ಹೋಗೋದು ಬೇಡ ಅಂತಾರೆ ನಮ್ಮನೆಯವರು. ವಾಸಿಯಾದ ಮೇಲೆ ಕರೆಸಿಕೊಳ್ತೀವಿ," ಎಂದರು ಆಕೆ. "ಇದು ಬ್ರೆಡ್ಡು, ಹಾಲು ಬಿಟ್ಟು ಬೇರೇನೂ ತಿನ್ನಲ್ಲ."

ನಾಯಿಯ ಹೆಸರನ್ನೂ ಹೇಳಿದರು. ಅದೊಂದು ಇಂಗ್ಲಿಷ್ ಹೆಸರು. ನನ್ನ ನಾಲಿಗೆಗೂ ತಾತನ ನಾಲಿಗೆಗೂ ಹೊರಳಲಿಲ್ಲ. ನಾವು ಅದನ್ನು ಬರೀ "ಬಾ" ಎಂದೇ ಕರೆದೆವು. ನಮ್ಮವರು ಹೊಂಗೆ ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚುವಂತೆ ತಾತನಿಗೆ ಹೇಳಿ ತಾಯಲೂರಿನ ಕಡೆಗೆ ಹೊರಟುಹೋದರು. ಜಟಕಾವೂ ಹೋಯಿತು. ನಾಯಿ ಗೇಟಿನ ಹತ್ತಿರ ರಸ್ತೆಗೆ ಮುಖಮಾಡಿ ಕೂತಿತು.

ಊರಲ್ಲಿ ಬ್ರೆಡ್ಡು ಸಿಗುತ್ತಿರಲಿಲ್ಲ. ನಾನು ಹಾಲು ಇಟ್ಟೆ, ಮೂಸಲಿಲ್ಲ. ಅನ್ನ ಕಲಸಿಟ್ಟೆ, ಇರುವೆ ಮುತ್ತಿದವು. ಎರಡನೆಯ ದಿನ ತಾತನಿಗೆ ಹೇಳಿದೆ, "ಕಜ್ಜಿ ಜಾಸ್ತಿಯಾಗಿ ಹೊಟ್ಟೆಗೂ ಇಳಿದಿದೆಯೇನೋ."

ತಾತ ನಾಯಿಯ ವಸಡನ್ನು ಬೆರಳಿನಿಂದ ಒತ್ತಿ ನೋಡಿದರು. "ರೋಗ ಚರ್ಮಕ್ಕೆ ಐತೆ ಅಮ್ಮಾ. ಊಟ ಬಿಟ್ಟಿರೋದು ಅದಕ್ಕಲ್ಲ. ಮನೆಯೋರು ಬಿಟ್ಟೋದ್ರು ಅಂತ ಅದಕ್ಕೆ ಗೊತ್ತಾಗೈತೆ."

"ಹಾಗಾದರೆ ಏನು ಮಾಡೋದು?"

"ತಟ್ಟೆ ಇಟ್ಟು ಎದುರಿಗೆ ನಿಂತು ತಿನ್ನು ತಿನ್ನು ಅನ್ನಬೇಡಿ. ನಿಮ್ಮ ಊಟಾನೂ ತಗೊಂಡ್ಬಂದು ಅದರ ಹತ್ರ ಕೂತ್ಕೊಂಡು ತಿನ್ನಿ. ಅದನ್ನ ನೋಡ್ಬೇಡಿ. ನಿಮ್ಮ ಪಾಡಿಗೆ ನೀವು ತಿನ್ನಿ."

ತಿನ್ನಲು ನನಗೇ ಊಟವಿರಲಿಲ್ಲ. ಯಜಮಾನರು ಊರಲ್ಲಿಲ್ಲದಾಗ ನಾನು ಒಲೆ ಹಚ್ಚುತ್ತಿದ್ದದ್ದೇ ಕಡಿಮೆ. ಒಬ್ಬಳಿಗೆ ಏನು ಅಡುಗೆ ಎಂದು ತಂಗಳು ಅನ್ನಕ್ಕೆ ಮಜ್ಜಿಗೆ ಸುರಿದು ನಿಂತುಕೊಂಡೇ ತಿಂದು ಪಾತ್ರೆ ತೊಳೆದಿಡುತ್ತಿದ್ದೆ. ಆ ಮಧ್ಯಾಹ್ನ ಎಷ್ಟೋ ದಿನದ ಮೇಲೆ ಮುದ್ದೆ ತಿರುವಿದೆ, ಅವರೆಕಾಳಿನ ಸಾರು ಮಾಡಿದೆ. ತಟ್ಟೆ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂತೆ. ನಾಯಿಗೆ ಉಪ್ಪುಖಾರವಿಲ್ಲದ ರಾಗಿ ಗಂಜಿಯನ್ನು ಹಾಲಿನಲ್ಲಿ ಕದಡಿ ಪಕ್ಕದಲ್ಲಿಟ್ಟೆ. ರಸ್ತೆ ನೋಡುತ್ತ ಉಂಡೆ. ಅದು ಅಲುಗಲಿಲ್ಲ. ಸಂಜೆಯೂ ಹಾಗೇ. ಮಾರನೆಯ ದಿನ ಮಧ್ಯಾಹ್ನ ನಾನು ಮುದ್ದೆ ಮುರಿಯುತ್ತಿದ್ದಾಗ ಪಕ್ಕದಲ್ಲಿ ನೆಕ್ಕುವ ಸದ್ದು ಕೇಳಿಸಿತು. ತಿರುಗಿ ನೋಡಬಾರದೆಂದು ತಾತ ಹೇಳಿದ್ದರು. ನೋಡಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಸಾರಿನ ಖಾರಕ್ಕೆಂದುಕೊಂಡೆ.

ಅಲ್ಲಿಂದ ಮುಂದೆ ತಾತ ನನಗೆ ಒಂದೊಂದಾಗಿ ಹೇಳಿಕೊಟ್ಟರು. ಗಂಧಕದ ಎಣ್ಣೆಯನ್ನು ಮೈಗೆಲ್ಲ ಒಂದೇ ದಿನ ಬಳಿಯಬಾರದು. ಇವತ್ತು ಬೆನ್ನು, ನಾಳೆ ಹೊಟ್ಟೆ. ಹಚ್ಚುವ ಮೊದಲು ಬೆಚ್ಚನೆಯ ನೀರಿನಲ್ಲಿ ತೊಳೆದು ಎಳೆಬಿಸಿಲಿಗೆ ಬಿಡಬೇಕು. ಮಲಗುವ ಗೋಣಿಚೀಲವನ್ನು ಕುದಿಸಿ ಒಣಗಿಸದಿದ್ದರೆ ಹಚ್ಚಿದ್ದೆಲ್ಲ ವ್ಯರ್ಥ. ಹೆದರಿದ ಪ್ರಾಣಿಯ ತಲೆಯ ಮೇಲೆ ಕೈ ಇಡಬಾರದು, ಮೊದಲು ಹೆಗಲು ಸವರಬೇಕು. ನಾಯಿ ಎಣ್ಣೆ ನೆಕ್ಕುವುದನ್ನು ತಪ್ಪಿಸಲು ಅವರು ಹಳೆಯ ಬಿದಿರುಬುಟ್ಟಿಯ ತಳ ಕತ್ತರಿಸಿ ಅದರ ಕುತ್ತಿಗೆಗೆ ಹಾಕಿದರು. ಬುಟ್ಟಿ ಹೊತ್ತು ಅದು ಬಾಗಿಲಿಗೆ ಡಿಕ್ಕಿ ಹೊಡೆದಾಗ ನಾನು ಜೋರಾಗಿ ನಕ್ಕೆ. ಆ ಮನೆಯಲ್ಲಿ ನಾನು ಹಾಗೆ ನಕ್ಕದ್ದು ಅದೇ ಮೊದಲು.

ತಾತನ ಕೈಗಳು ದೊಡ್ಡವು, ಗೆಣ್ಣುಗಳು ಊದಿಕೊಂಡಿದ್ದವು. ಪ್ರಾಣಿಗೆ ಕೈ ಹಚ್ಚುವಾಗ ಮಾತ್ರ ಅವು ನಡುಗುತ್ತಿರಲಿಲ್ಲ. "ಮದ್ದು ಡಾಕ್ಟರು ಕೊಡ್ತಾರೆ," ಎಂದು ಒಮ್ಮೆ ಹೇಳಿದರು. "ಅವರು ಹೋದ್ಮೇಲೆ ಪಕ್ಕದಲ್ಲಿ ಕೂತ್ಕೊಳ್ಳೋನು ಒಬ್ಬ ಬೇಕು. ಅಷ್ಟೇ ನನ್ನ ಕೆಲಸ."

ನಾನು ಮೆಟ್ಟಿಲ ಮೇಲೆ ಕೂತು ನಾಯಿಯ ಆರೈಕೆ ಮಾಡುವುದನ್ನು ಬಂದುಹೋಗುವವರು ನೋಡುತ್ತಿದ್ದರು. ಒಂದು ದಿನ ರೈತರ ಮನೆಯ ಹೆಂಗಸೊಬ್ಬಳು ಕಿವಿಯಲ್ಲಿ ಹುಳುಬಿದ್ದ ಕಾವಲುನಾಯಿಯನ್ನು ಹಗ್ಗ ಹಿಡಿದು ತಂದು, ಆಸ್ಪತ್ರೆಯ ಬಾಗಿಲು ದಾಟಿ ನೇರ ನನ್ನ ಬಳಿ ಬಂದಳು. "ತಿನಲೇದಮ್ಮಾ, ರೆಂಡು ದಿನಾಲಾಯೆ," ಎಂದಳು. ತಿಂದು ಎರಡು ದಿನವಾಯಿತೆಂದು ನನಗೆ ಯಾರೂ ಹೇಳದೆ ಅರ್ಥವಾಯಿತು. ತಾತ ನಾಯಿಯ ಬಾಯಿಗೆ ಬಟ್ಟೆ ಕಟ್ಟಿ ಹಿಡಿದರು. ನಾನು ಗಾಯ ತೊಳೆದು ಚಿಮಟದಿಂದ ಹುಳು ತೆಗೆದೆ. ಮನೆಗೆ ಹೋದ ಮೇಲೆ ನೊಣ ಕೂರದಂತೆ ಬೇವಿನೆಣ್ಣೆ ಹಚ್ಚು, ಬಿಸಿಲಲ್ಲಿ ಕಟ್ಟಬೇಡ ಎಂದು ನನಗೆ ಬಂದ ಹರಕು ತೆಲುಗಿನಲ್ಲಿ ಹೇಳಿದೆ. ಅವಳು ನಗಲಿಲ್ಲ. ಗಮನವಿಟ್ಟು ಕೇಳಿ ತಲೆಯಾಡಿಸಿದಳು.

ಯಜಮಾನರು ಹದಿಮೂರು ದಿನದ ಮೇಲೆ ಬಂದರು. ಅವರದು ಮಾತು ಕಡಿಮೆ. ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ಯಾರೋ ಗೇಟಿನಲ್ಲಿ "ಅಮ್ಮನೋರು ಅವ್ರಾ?" ಎಂದು ಕೇಳಿದ್ದು ಅವರ ಕಿವಿಗೆ ಬಿತ್ತು. ಊಟಕ್ಕೆ ಕೂತಾಗ ಕೇಳಿದರು, "ಗಾಯ ತೊಳೆಯೋ ನೀರಿಗೆ ಪರ್ಮಾಂಗನೇಟ್ ಎಷ್ಟು ಹಾಕ್ತೀಯ?"

"ನೀರು ತಿಳಿಗುಲಾಬಿ ಬಣ್ಣಕ್ಕೆ ಬರೋಷ್ಟು. ಕಡುಬಣ್ಣ ಬಂದರೆ ಚರ್ಮ ಸುಡುತ್ತೆ."

"ಹೂಂ," ಎಂದರು. ಮಾರನೆಯ ದಿನ ಆಸ್ಪತ್ರೆಯಿಂದ ಒಂದು ಕಾರ್ಬಾಲಿಕ್ ಸೋಪು ತಂದು ಅಡುಗೆಮನೆಯ ಗೂಡಿನಲ್ಲಿಟ್ಟರು. ಮುಟ್ಟಿದ ಮೇಲೆ ಮೊಣಕೈವರೆಗೆ ತೊಳೆದುಕೊ ಎಂದರು. ಅಷ್ಟೇ. ನಾಲ್ಕನೆಯ ದಿನ ಮತ್ತೆ ಸೈಕಲ್ಲು ಹೊರಟಿತು.

ಎರಡು ತಿಂಗಳಿಗೆ ನಾಯಿಯ ಮೈತುಂಬ ಹೊಸ ಕೂದಲು ಬಂತು. ಮಾಲೂರಿಗೆ ಒಂದು ಕಾರ್ಡು ಬರೆಯಬೇಕಿತ್ತು. ವಿಳಾಸವೂ ಇತ್ತು. ಕಿವಿಯ ಹಿಂದೆ ಇನ್ನೂ ಒಂದು ಚೂರು ಕಜ್ಜಿ ಉಳಿದಿದೆಯೆಂದು ನನಗೆ ನಾನೇ ಹೇಳಿಕೊಂಡೆ. ಮಳೆ ನಿಲ್ಲಲಿ ಎಂದೆ. ಮಳೆ ನಿಂತು ಮೂರು ವಾರವಾದರೂ ಬರೆಯಲಿಲ್ಲ. ಅದು ಗೇಟಿನ ಬಳಿ ಕೂರುವುದನ್ನು ಬಿಟ್ಟು ನನ್ನ ಕಾಲ ಹತ್ತಿರ ಮಲಗುತ್ತಿತ್ತು. ದಿನವಿಡೀ ನಾನು ಅದರೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದೆ. ನಮ್ಮೂರಿನ ಕಾಲುವೆ, ನಮ್ಮಮ್ಮನ ಕಾಲುನೋವು, ಏನು ಬಂದರೆ ಅದು.

ತಾತ ಎಲ್ಲವನ್ನೂ ನೋಡುತ್ತಿದ್ದರು. ಕೊನೆಗೊಂದು ದಿನ ಬುಟ್ಟಿಯನ್ನು ನಾಯಿಯ ಕುತ್ತಿಗೆಯಿಂದ ತೆಗೆದು ಒಲೆಗೆ ಹಾಕಲು ನನ್ನ ಕೈಗೆ ಕೊಟ್ಟರು. "ಬರೀರಿ ಅಮ್ಮಾ. ಆಸ್ಪತ್ರೆಗೆ ಬಂದಿದ್ದು ವಾಸಿಯಾದ್ಮೇಲೆ ಮನೆಗೆ ಹೋಗ್ಬೇಕು. ನಾನೂ ಒಂದ್ಸಲ ಕುದುರೇನ ಹಂಗೇ ಇಟ್ಕೊಂಡಿದ್ದೆ. ಆಮೇಲೆ ಮನಸ್ಸಿಗೆ ಸರಿಹೋಗ್ಲಿಲ್ಲ."

ಅವತ್ತೇ ಬರೆದೆ. ಯಾರಾದರೂ ಜವಾನರು ಬಂದು ಒಯ್ಯುತ್ತಾರೆಂದುಕೊಂಡಿದ್ದೆ. ಹತ್ತು ದಿನದ ಮೇಲೆ ಅಮಲ್ದಾರರ ಹೆಂಡತಿಯೇ ರೈಲಿನಲ್ಲಿ ಬಂದರು. ನಾಯಿ ಆಕೆಯನ್ನು ಕಂಡದ್ದೇ ಕಿರುಚಿಕೊಂಡು ಓಡಿತು, ಸೀರೆಯ ನೆರಿಗೆಗೆ ಮುಖ ಒತ್ತಿತು, ಸುತ್ತಿತು, ಮತ್ತೆ ಒತ್ತಿತು. ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ. ಅಷ್ಟು ದೊಡ್ಡ ಹೆಂಗಸು ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಅತ್ತುಬಿಟ್ಟರು.

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಬ್ರೆಡ್ಡು ಬೇಡ, ರಾಗಿ ಗಂಜಿ ಅಥವಾ ಮೆತ್ತಗಿನ ಅನ್ನ ಸಾಕು. ವಾರಕ್ಕೊಮ್ಮೆ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣೆಹುಳು ಹುಡುಕಿ ತೆಗೆಯಬೇಕು. ಮತ್ತೆ ಕೆರೆದುಕೊಳ್ಳಲು ಶುರುಮಾಡಿದರೆ ಕಾಯದೆ ಡಾಕ್ಟರಿಗೆ ತೋರಿಸಬೇಕು. ಕೊನೆಗೆ, "ಊಟ ಹಾಕೋವಾಗ ಸ್ವಲ್ಪ ಹೊತ್ತು ಹತ್ತಿರ ಕೂತ್ಕೊಳ್ಳಿ. ಇದಕ್ಕೆ ಒಂಟಿಯಾಗಿ ತಿನ್ನೋಕಾಗಲ್ಲ," ಎಂದೆ.

ಆಕೆ ನನ್ನನ್ನೇ ನೋಡಿದರು. "ನಮ್ಮನೆಯವರು ತಿಂಗಳಲ್ಲಿ ಇಪ್ಪತ್ತು ದಿನ ಸರ್ಕೀಟು ಅಂತ ಹಳ್ಳಿ ಸುತ್ತುತ್ತಿರ್ತಾರೆ. ಮಕ್ಕಳು ಸ್ಕೂಲಿಗೆ ಹೋದರೆ ನಾನೂ ಇದೂ ಜೊತೆಗೇ ತಿಂತಿದ್ದಿದ್ದು ಕಣಮ್ಮಾ. ನಾಲ್ಕು ತಿಂಗಳಿಂದ ನನಗೂ ಊಟ ಸೇರಿಲ್ಲ," ಎಂದರು.

ನನಗೆ ನಾಚಿಕೆಯಾಯಿತು. ವಾಸಿಯಾದ ಮೇಲೂ ಕಾರ್ಡು ಬರೆಯದೆ ಇದ್ದದ್ದನ್ನು ಹೇಳಬೇಕೆಂದು ಬಾಯಿ ತೆರೆದೆ, ಹೇಳಲಾಗಲಿಲ್ಲ. ಸ್ಟೇಷನ್ನಿಗೂ ಹೋಗಲಿಲ್ಲ. ಅವರು ಹೋದ ಮೇಲೆ ಬಹಳ ಹೊತ್ತು ಗೋಣಿಚೀಲ ಒಗೆಯುತ್ತ ಕೂತಿದ್ದೆ. ಆ ದಿನ ತಾತ ಹಿಂದಿನ ಅಂಗಳಕ್ಕೆ ಬರಲಿಲ್ಲ. ನನ್ನನ್ನು ನನ್ನ ಪಾಡಿಗೆ ಬಿಟ್ಟರು.

ನಾಯಿ ಹೋದರೂ ಬರುವವರು ನಿಲ್ಲಲಿಲ್ಲ. ಆಡಿನ ಮರಿ, ಗಿಳಿ, ಕಾಲು ಮುರಿದ ಬೆಕ್ಕು. ಎದುರು ಮನೆಯ ಹೆಂಗಸರು ಸಹ ಕರು ಹಾಲು ಕುಡಿಯದಿದ್ದಾಗ ಒಮ್ಮೆ ಕರೆಯಲು ಬಂದರು. ಒಂಟಿತನ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಬಂದವರು ಪ್ರಾಣಿ ವಾಸಿಯಾದೊಡನೆ ಹೊರಟುಹೋಗುತ್ತಿದ್ದರು, ಮಧ್ಯಾಹ್ನದ ಮನೆ ಮತ್ತೆ ಮೊದಲಿನಂತೆಯೇ ಇರುತ್ತಿತ್ತು. ಆದರೆ ಬೆಳಗಿನ ಹೊತ್ತು ಏಳುವುದಕ್ಕೆ ಒಂದು ಕಾರಣವಿತ್ತು.

ಮೂರು ವರ್ಷದ ಮೇಲೆ ನಮಗೆ ಮುಳಬಾಗಿಲಿಗೆ ವರ್ಗವಾಯಿತು. ಬಸ್ಸಿಗೆ ಹೊರಡುವ ಹೊತ್ತಿಗೆ ತಾತನಿಗೆ ನಮಸ್ಕಾರ ಮಾಡಿ ಬರೋಣವೆಂದು ಆಸ್ಪತ್ರೆಯ ಮುಂಭಾಗಕ್ಕೆ ಹೋದೆ. ಅವರು ಜಟಕಾ ಕುದುರೆಯೊಂದರ ಬಾತ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಕುದುರೆಯ ಕಿವಿ ಹಿಂದಕ್ಕೆ ಮಡಚಿತ್ತು. ನಾನು ನಾಲ್ಕು ಹೆಜ್ಜೆ ದೂರದಲ್ಲೇ ನಿಂತೆ.

"ಹೊರಟ್ರಾ ಅಮ್ಮಾ?" ಎಂದರು ತಲೆ ಎತ್ತದೆ. "ಈಗ ಕೈ ಬಿಟ್ರೆ ಇದು ಹೆದರ್ತೈತೆ. ಹೋಗ್ಬನ್ನಿ."

"ಬರ್ತೀನಿ ತಾತ," ಎಂದೆ. ನನ್ನ ದನಿಗೂ ಕುದುರೆ ಬೆದರಬಾರದೆಂದು ಮೆಲ್ಲಗೆ ಹೇಳಿದೆ. ಕೇಳಿಸಿತೋ ಇಲ್ಲವೋ. ಮುಂದಿನ ಮಾವಿನ ಕಾಲಕ್ಕೆ ಮೊದಲೇ ಅವರು ತೀರಿಕೊಂಡರೆಂದು ಕೋಲಾರದ ಡಾಕ್ಟರು ನಮ್ಮವರಿಗೆ ಹೇಳಿದರು.

ಪೆಟ್ರೋಲ್ ಸಿಗದ ಕಾಲದ ಇದ್ದಿಲ ಗ್ಯಾಸಿನ ಬಸ್ಸು ಅದು. ದಿಣ್ಣೆ ಬಂದಾಗಲೆಲ್ಲ ಎಲ್ಲರೂ ಇಳಿದು ನಡೆಯಬೇಕಿತ್ತು. ನಡೆಯುವಾಗ ನಮ್ಮವರು ನನ್ನ ಕೈಲಿದ್ದ ಗಂಟನ್ನು ತಾವೇ ತೆಗೆದುಕೊಂಡರು. ಮುಳಬಾಗಿಲು ಬರುವವರೆಗೂ ಅದು ಅವರ ತೊಡೆಯ ಮೇಲೇ ಇತ್ತು.