ಇಸ್ತ್ರಿ ಕಾಕಾ ಕಲಿಸಿದ ಊರುಗಳು

ಇಸ್ತ್ರಿ ಕಾಕಾರ ಬಲಗೈ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಗಳ ಸಾಲಿತ್ತು. ಒಂದೊಂದಕ್ಕೂ ಒಂದು ಊರಿನ ಹೆಸರು. "ಇದು ಜೆನೊವಾ. ಇದು ನಾಪೊಲಿ. ಇದು ಅಂಕೋನಾ, ಭಾಳ ಉರೀತು." ಹಡಗು ಯಾವ ಬಂದರಿನಲ್ಲಿ ನಿಂತಾಗ ಕೈ ಸುಟ್ಟಿತ್ತೋ ಆ ಬಂದರೇ ಕಲೆಯ ಹೆಸರು.

ಧಾರವಾಡದ ಕಡೆಯವರು. ಇಟಲಿಯ ಹಡಗೊಂದರ ಲಾಂಡ್ರಿಯಲ್ಲಿ ಅರ್ಧ ಆಯುಷ್ಯ ಕಳೆದು, ಗೋವಾದ ಫಾತೋರ್ಡಾದಲ್ಲಿ ನನ್ನ ಹೊಲಿಗೆ ಅಂಗಡಿಯ ಪಕ್ಕ ಇಸ್ತ್ರಿ ಮೇಜು ಹಾಕಿದ್ದರು. ಯಂತ್ರಗಳ ಗದ್ದಲಕ್ಕೆ ಕಿವಿ ಪೂರ್ತಿ ಹೋಗಿತ್ತು. ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ನಾನು ಗೊಣಗಿದ್ದೂ ತಿಳಿಯುತ್ತಿತ್ತು, ಅದೊಂದು ತಾಪತ್ರಯ.

ಬಟ್ಟೆಗೆ ಚೀಟಿ ಬರೆಯುವಾಗ ಗಿರಾಕಿಗಳಿಂದ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿಸುತ್ತಿದ್ದರು.

"ಕಾಕಾ, ನಾಕು ಅಂಗಿಗೆ ಇಷ್ಟು ವಿಚಾರಣಿ ಬೇಕೇನ್ರಿ?" ಎಂದು ರೇಗಿಸುತ್ತಿದ್ದೆ.

"ಹೆಸರು ತಪ್ಪಿದ್ರ ಅಂಗಿ ಬ್ಯಾರೆಯವನ ಮೈಮ್ಯಾಲೆ ಹೋಗತೈತಿ" ಎನ್ನುವುದು ಅವರ ಖಾಯಂ ಉತ್ತರ.

ಆ ವಿಚಾರಣೆಯ ಬೆಲೆ ನನಗೆ ತಿಳಿದದ್ದು, ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ನನ್ನ ಗಂಡನನ್ನು ಅಪೆಂಡಿಕ್ಸ್ ಒಡೆದು ಜೆನೊವಾದ ಆಸ್ಪತ್ರೆಗೆ ಸೇರಿಸಿದಾಗ. ಅವನ ಫೋನು ಹಡಗಿನಲ್ಲೇ ಉಳಿದಿತ್ತು. ಹಡಗಿನವರು ಆಸ್ಪತ್ರೆಯ ನಂಬರು ಕೊಟ್ಟಿದ್ದರು, ಆಮೇಲೆ ಎರಡು ದಿನ ಸುದ್ದಿಯಿಲ್ಲ. ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಆಸ್ಪತ್ರೆಗೆ ಎರಡು ಸಲ ಫೋನು ಹಚ್ಚಿದೆ. ನನ್ನ ಅರೆಬರೆ ಇಂಗ್ಲಿಷು ಅವರಿಗೆ ತಿಳಿಯದೆ ಎರಡು ಸಲವೂ ಕಟ್ಟಾಯಿತು. ಕಾಕಾಗೆ ಇಟಲಿಯ ಭಾಷೆ ಬರುತ್ತಿತ್ತು, ಆದರೆ ಫೋನು ಕೇಳಿಸಬೇಕಲ್ಲ.

"ನೀನs ಮಾತಾಡಬೇಕವಾ" ಅಂದರು. "ಅಲ್ಲಿ ಮಂದಿ ಫೋನಿನ್ಯಾಗ ಹೆಸರು ಹೇಳಾಕ ಅಕ್ಷರಕ್ಕೊಂದು ಊರು ಹಿಡೀತಾರ. ಆ ಕೋಮೆ ಅಂಕೋನಾ. ಅಂಕೋನಾದಾಗಿನ ಆ, ಅಂತ."

ಇಸ್ತ್ರಿ ಆರಿಸಿ ಪಾಠ ಶುರು ಮಾಡಿದರು. ಇಟಲಿಯವರದು ಇಪ್ಪತ್ತೊಂದೇ ಅಕ್ಷರವಂತೆ. "ಸಿ ಮುಂದ ಇ ಬಂದ್ರ ಚಿ, ಆ ಬಂದ್ರ ಕಾ. ಒತ್ತು ಇದ್ದಲ್ಲಿ ಒತ್ತೂದು, ನಮ್ಮಂಗ." ನಮ್ಮ ಅಡ್ಡಹೆಸರು ಕಟ್ಟಿಮನಿ. ಮೊದಲಕ್ಷರಕ್ಕೇ ತಕರಾರು.

"ಕೆ ಅವರ ಅಕ್ಷರ ಅಲ್ಲ. ಹೊರಗಿಂದ ಬಂದದ್ದು. ಕಪ್ಪಾ ಅಂತಾರ."

"ನಮ್ಮಂಗ ಪರಊರಿಂದೇನ್ರಿ?"

"ಹೂಂ. ಆದ್ರೂ ಗುರುತು ಹಿಡೀತಾರ."

ಎಮ್ ಅಕ್ಷರಕ್ಕೆ ಎಮ್ಮೆ ಅನ್ನುತ್ತಾರೆಂದಾಗ ಅಳುತ್ತಲೇ ನಕ್ಕುಬಿಟ್ಟೆ. ಕಾಕಾ ನಗಲಿಲ್ಲ. "ತಿ ಎರಡು ಸಲ ಹೇಳು. ಒಂದು ನುಂಗಿದ್ರ ಅವ ಬ್ಯಾರೆ ಯಾರೋ ಆಗತಾನ."

ಮೂರನೆಯ ಸಲ ಫೋನು ಹಚ್ಚಿದೆ. ನನ್ನ ಗಂಡ ಎನ್ನಲು ಅವರು ಕಲಿಸಿದ್ದ "ಮೀಯೊ ಮರೀತೊ" ಹೇಳಿ, "ಕಪ್ಪಾ" ಅಂದೆ. ಅಷ್ಟಕ್ಕೇ ಮುಂದಿನ ಊರು ಮರೆತುಹೋಯಿತು. ಕಾಕಾ ಬಲಗೈ ಚಾಚಿ ಒಂದು ಕಲೆಯ ಮೇಲೆ ಬೆರಳಿಟ್ಟರು. "ಆ ಕೋಮೆ ಅಂಕೋನಾ" ಅಂದೆ. ತೊರಿನೊ, ಮತ್ತೆ ತೊರಿನೊ, ಇಮೊಲಾ, ಮಿಲಾನೊ: ಇವು ಬಂದರಲ್ಲ, ಕೈಮೇಲೆ ಇರಲಿಲ್ಲ. ಅವಕ್ಕೆ ನಾನು ಕಾಕಾರ ತುಟಿ ನೋಡಿದೆ. ಅಂಕೋನಾ, ನಾಪೊಲಿಗೆ ಮತ್ತೆ ಕೈ ಮುಂದೆ ಬಂತು. ಕೊನೆಗೆ ಇನ್ನೊಮ್ಮೆ ಇಮೊಲಾ.

ಆ ಕಡೆಯ ಹೆಂಗಸು ಎಲ್ಲ ಊರನ್ನೂ ತಿರುಗಿ ಹೇಳಿದಳು. ಆಮೇಲೆ ಒಂದು ಸಂಗೀತ ಹತ್ತಿತು, ನಿಂತಿತು.

"ಯಾರ್ರಿ?" ಎಂದಿತು ನನ್ನ ಗಂಡನ ಸೋತ ದನಿ.

ಕಾಕಾ ನನ್ನ ಮುಖ ನೋಡಿ, ತಿರುಗಿ ಬಟ್ಟೆ ತೀಡತೊಡಗಿದರು. ಇಸ್ತ್ರಿ ಆರಿಹೋಗಿದ್ದು ಅವರಿಗೆ ನೆನಪಿರಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ಗೋವಾದಲ್ಲಿ ಅವರಿಗೆ ನಾವೇ ಮನೆಯವರು. ಮರಣದ ದಾಖಲೆ ಮಾಡಿಸಲು ಗಂಡ, ನಾನು ಕಚೇರಿಗೆ ಹೋದೆವು. ಹೆಸರನ್ನು ಒಂದೊಂದೇ ಅಕ್ಷರ ಹೇಳಿ ಎಂದ ಗುಮಾಸ್ತ. ಮೊದಲಕ್ಷರಕ್ಕೇ ನನ್ನ ಬಾಯಿಗೆ ರೋಮಾ ಬಂತು.

"ಕಿತೆಂ, ಬಾಯೆ?" ಏನಮ್ಮಾ ಅಂತ ಕೊಂಕಣಿಯಲ್ಲಿ ಕೇಳಿ ಅವನು ತಲೆಯೆತ್ತಿದ.

ಅಲ್ಲಿಯವರೆಗೆ ತಡೆದಿದ್ದ ಅಳು ಬಂದುಬಿಟ್ಟಿತು. ಕಣ್ಣೊರೆಸಿಕೊಂಡು, ಊರು ಬಿಟ್ಟು ಬರೀ ಅಕ್ಷರ ಹೇಳಿದೆ. ಕಾಗದ ಕೈಗೆ ಬಂದ ಮೇಲೆ ಹೊರಗಿನ ಬೆಂಚಿನ ಮೇಲೆ ಕೂತು, ಕಾಕಾರ ಹೆಸರನ್ನು ಊರು ಊರಾಗಿ ಓದಿದೆ. ಒಂದೂ ತಪ್ಪಿರಲಿಲ್ಲ.